ಗೋಡೆಯ ಕೆಳಗಿನ ಬಿಲ್ಲೆ

ನಮ್ಮೂರಿಗೆ ರೈಲು ಬಂದಿಲ್ಲ. ರೈಲ್ವೆ ಹುದ್ದೆಯ ಮನೆಗಳು ಮಾತ್ರ ಇನ್ನೂರ ಹನ್ನೊಂದು ಇದ್ದವು. ಒಬ್ಬ ಸ್ಟೇಷನ್ ಮಾಸ್ತರ, ಹದಿನಾಲ್ಕು ಜನ ಟಿಕೆಟ್ ತಪಾಸಣೆಯವರು, ಕೆಂಪು ದೀಪದವರು ಒಂಬತ್ತು, ಹಸಿರು ದೀಪದವರು ಏಳು. ಕೆಂಪಿನವರು ಹೆಚ್ಚಾಗಿದ್ದಕ್ಕೇ ಗಾಡಿ ಬರುತ್ತಿಲ್ಲ ಎಂದು ಹಸಿರಿನವರು ದೂರುತ್ತಿದ್ದರು. ಊರಲ್ಲಿ ಹಳಿಯೇ ಇಲ್ಲ ಎಂಬ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತುವುದು ಮರ್ಯಾದೆಯಲ್ಲ, ಊಟಕ್ಕೆ ಕೂತವರ ಮುಂದೆ ಭೇದಿಯ ಮಾತು ತೆಗೆದ ಹಾಗೆ.

ನಮ್ಮ ಹಿತ್ತಲುಗಳಲ್ಲಿ ಒಂದು ಮೊಳ ಅಗೆದರೆ ರೈಲಿನ ಹಳೇ ಸಾಮಾನು ಸಿಗುತ್ತದೆ. ಯಾರ ಹಿತ್ತಲಲ್ಲಿ ಯಾವುದು ಸಿಕ್ಕಿತೋ ಅದೇ ಆ ಮನೆಯ ಹುದ್ದೆ. ಸಿಂಪಿಗ ವಿಠೋಬಣ್ಣ ದಾಸವಾಳ ನೆಡಲು ಗುಂಡಿ ತೋಡಿದಾಗ ಸ್ಟೇಷನ್ ಮಾಸ್ತರರ ಟೊಪ್ಪಿಗೆಯ ಹಿತ್ತಾಳೆ ಗುರುತು ಸಿಕ್ಕಿತು. ಅಂದಿನಿಂದ ಅವನು ಅಂಗಿಯ ಅಳತೆ ತೆಗೆದುಕೊಳ್ಳುವಾಗಲೂ ಎದೆ ಮುಂದೆ ಮಾಡಿಯೇ ನಿಲ್ಲುತ್ತಾನೆ, ಅಳೆಯುವುದು ಯಾರ ಎದೆಯನ್ನೋ ತಿಳಿಯುವುದಿಲ್ಲ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಿವೃತ್ತ ಹೆಡ್ಮಾಸ್ತರರ ಹಿತ್ತಲಲ್ಲಿ ಸಂಡಾಸಿನ ಚೊಂಬು ಸಿಕ್ಕಿತು, ಸರಪಳಿ ಸಮೇತ. ಅವರು ಮೂರು ದಿನ ಮನೆಯ ಬಾಗಿಲು ತೆಗೆಯಲಿಲ್ಲ. ನಾಲ್ಕನೆಯ ದಿನ ಚೊಂಬನ್ನು ಹುಣಸೆಹಣ್ಣಿನಿಂದ ಥಳಥಳ ತಿಕ್ಕಿ ಹಿಡಿದುಕೊಂಡು ಬಂದರು, ಈಗಂತೂ ಅದನ್ನು ಬಿಟ್ಟು ಸಭೆಗೆ ಹೋಗುವುದಿಲ್ಲ. ಹಾರ್ಮೋನಿಯಂ ಮಾಸ್ತರನಿಗೆ ಒಂದು ಕೋಟಿನ ಗುಂಡಿ ಸಿಕ್ಕಿತು. ಗುಂಡಿ ಯಾವ ಹುದ್ದೆಯದೆಂದು ಊರು ವಾರಗಟ್ಟಲೆ ಚರ್ಚೆ ಮಾಡಿ, ಕೊನೆಗೆ ಅವನನ್ನು ಇನ್ಸ್‌ಪೆಕ್ಟರ್ ಮಾಡಿತು. ಇನ್ಸ್‌ಪೆಕ್ಟರ್ ಏನು ಮಾಡುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅವನು ಆ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತ ಬಂದಿದ್ದಾನೆ.

ಹಿತ್ತಲಲ್ಲಿ ಏನೂ ಸಿಗದವರು ಪ್ರಯಾಣಿಕರು. ಊರ ಹೊರಗಿನ ಬಯಲಿಗೆ ನಾವು ಪ್ಲಾಟ್‌ಫಾರಂ ಎನ್ನುತ್ತೇವೆ. ದಿನಾಲೂ ಸಂಜೆ ಐದಕ್ಕೆ ಪ್ರಯಾಣಿಕರ ಪ್ರತಿ ಮನೆಯಿಂದಲೂ ಒಬ್ಬೊಬ್ಬರು ಗಂಟು ಕಟ್ಟಿಕೊಂಡು ಅಲ್ಲಿಗೆ ಬಂದು ಕೂರಬೇಕು. ಹುದ್ದೆಯವರು ಅವರನ್ನು ಆ ಕಡೆ ಸರಿಸಿ ಈ ಕಡೆ ಸರಿಸಿ, ಗಂಟು ಬಿಚ್ಚಿಸಿ, ಟಿಕೆಟ್ ಕೇಳಿ, ಗದರಿಸಿ, ಏಳಕ್ಕೆ ಸರಿಯಾಗಿ ವಿಠೋಬಣ್ಣ ಇವತ್ತು ಗಾಡಿ ತಡವಾಗಿದೆ, ನಾಳೆ ಬನ್ನಿ ಎಂದು ಸಾರಿದ ಮೇಲೆ ಎಲ್ಲರೂ ಮನೆಗೆ ಹೋಗಬೇಕು. ಪ್ಲಾಟ್‌ಫಾರಂ ಒಂದು ದಿನವೂ ಖಾಲಿ ಬೀಳುವಂತಿಲ್ಲ. ಹಿಂದೊಮ್ಮೆ ಪ್ರಯಾಣಿಕರೆಲ್ಲ ಒಟ್ಟಾಗಿ ಪಕ್ಕದೂರಿನ ಮದುವೆಯ ಊಟಕ್ಕೆ ಹೋಗಿಬಿಟ್ಟಿದ್ದರು. ಮರುದಿನ ಬೆಳಿಗ್ಗೆ ನೋಡಿದರೆ ಗೂಟಕ್ಕೆ ಹಾಕಿದ ಟೊಪ್ಪಿಗೆಯಲ್ಲಿ ಗುರುತಿಲ್ಲ, ಮಾಡದಲ್ಲಿಟ್ಟ ದೀಪವಿಲ್ಲ. ಎಲ್ಲವೂ ತಮ್ಮ ತಮ್ಮ ಹಿತ್ತಲಿಗೆ ವಾಪಸು ಹೋಗಿ, ಮೊದಲು ಇದ್ದ ಜಾಗದಲ್ಲೇ ಒಂದು ಮೊಳ ಕೆಳಗೆ ಮಲಗಿದ್ದವು. ಆಗ ಊರಿಗೆ ಮೂವತ್ತು ಹುದ್ದೆ ಮಾತ್ರ, ಗುದ್ದಲಿಯಲ್ಲೇ ಅಗೆದು ಮುಗಿಸಿದರು. ಅಂದಿನಿಂದ ಪ್ರಯಾಣಿಕರಿಗೆ ಮದುವೆ ಊಟವನ್ನು ಮಧ್ಯಾಹ್ನ ಎರಡರೊಳಗೆ ಬಡಿಸಿ ಕಳಿಸುವ ಪದ್ಧತಿ ಬಂತು.

ಮೂವತ್ತು ಹುದ್ದೆಯನ್ನು ಇನ್ನೂರಕ್ಕೆ ತಂದವನು ನಾನು. ನನ್ನ ಹೆಸರು ಫಕೀರಪ್ಪ, ಗ್ಯಾಸ್ ಒಲೆ ಮತ್ತು ಕುಕ್ಕರ್ ರಿಪೇರಿ ಮಾಡುತ್ತೇನೆ. ಏಳು ವರ್ಷದ ಹಿಂದೆ ನಿಧಿ ಹುಡುಕಿ ಹುಡುಕಿ ಹೈರಾಣಾದ ಪರವೂರಿನವನೊಬ್ಬ ಎರಡು ಬರ್ನರಿನ ಒಲೆಯೊಂದನ್ನು ತೆಗೆದುಕೊಂಡು ತನ್ನ ಮಷಿನನ್ನು ನನಗೆ ಕೊಟ್ಟು ಹೋದ. ಉದ್ದನೆಯ ಕೋಲು, ತುದಿಗೆ ತಟ್ಟೆ, ನೆಲದಡಿ ಲೋಹವಿದ್ದರೆ ಕುಂಯ್ ಎಂದು ಕೂಗುತ್ತದೆ. ಊರವರು ಅದಕ್ಕೆ ಕೂಗುಕೋಲು ಎಂದು ಹೆಸರಿಟ್ಟರು. ಮೊದಲು ನನ್ನ ಹಿತ್ತಲಲ್ಲೇ ಆಡಿಸಿದೆ. ಕರಿಬೇವಿನ ಗಿಡದ ಬುಡದಲ್ಲಿ ಗಾರ್ಡಿನ ಸೀಟಿ ಸಿಕ್ಕಿತು. ಗಾರ್ಡ್ ನಾನಾದರೂ ಸೀಟಿ ನನ್ನ ಹೆಂಡತಿ ಇಂದ್ರವ್ವನ ಕೊರಳಲ್ಲೇ ಇರುತ್ತಿತ್ತು. ಊಟಕ್ಕೆ ಬಾ ಎನ್ನಲು ಒಂದು ಸಲ, ಬೇಗ ಬಾ ಎನ್ನಲು ಎರಡು ಸಲ ಊದುತ್ತಿದ್ದಳು. ಮೂರು ಸಲ ಊದಿದ ದಿನ ನಾನು ಊಟವನ್ನು ಹೊರಗೇ ಮುಗಿಸಿಕೊಂಡು ಬರುತ್ತಿದ್ದೆ.

ಆಮೇಲೆ ಊರೆಲ್ಲ ನನ್ನ ಬೆನ್ನು ಹತ್ತಿತು. ಯಾರಿಗೆ ತಾನೇ ಪ್ರಯಾಣಿಕನಾಗಿರಬೇಕು? ದಿನಕ್ಕೊಂದು ಹಿತ್ತಲು, ಆ ಮನೆಯಲ್ಲಿ ಊಟ. ಹುಡುಕುವವನಿಗೆ ದುಡ್ಡು ಕೊಡುವ ಪದ್ಧತಿಯಿರಲಿಲ್ಲ, ಊಟ ಹಾಕುವ ಪದ್ಧತಿಯಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಮಾಡಿದ ಒಂದು ಹೊಲಸು ಕೆಲಸದ ಮೂಲ ಊಟದಲ್ಲೇ ಇದೆ.

ಬಾಪುಗೌಡರ ಮನೆ ನಮ್ಮೂರಿಗೆಲ್ಲ ದೊಡ್ಡದು. ಅವರ ಹಿತ್ತಲ ಗೋಡೆಗೆ ಆ ಕಡೆಯಿಂದ ಹತ್ತಿಕೊಂಡಂತೆ ಕಾಶವ್ವನ ಒಂದು ಅಂಕಣದ ಮನೆ, ಒಂದು ಹಾಸಿಗೆ ಹಾಸುವಷ್ಟು ಹಿತ್ತಲು. ಗಂಡ ಎಂದೋ ಒಂದು ಬೆಳಿಗ್ಗೆ ಚಹಾ ಕುಡಿದು ಎದ್ದು ಹೋದವನು ತಿರುಗಿ ಬಂದಿಲ್ಲ. ಬಂದರೆ ಆ ಕಪ್ಪನ್ನು ತೊಳೆಯುವ ಕೆಲಸ ಅವನಿಗೇ ಬಾಕಿ ಇದೆ ಎಂದು ಆಕೆ ಹೇಳುತ್ತಿದ್ದಳು. ಕಾಶವ್ವ ಮಿರ್ಚಿ ಕರಿಯುವವಳು. ಉದ್ದನೆಯ ಮೆಣಸಿನಕಾಯಿಯ ಹೊಟ್ಟೆ ಸೀಳಿ, ಜೀರಿಗೆ, ಉಪ್ಪು, ಹುಣಸೆಹುಳಿ ಅರೆದು ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳೆಂದರೆ ನಾಲ್ಕು ಓಣಿಯ ಜನ ಮಾಡುತ್ತಿದ್ದ ಜಗಳವನ್ನು ಅರ್ಧಕ್ಕೆ ಬಿಟ್ಟು ಬರುತ್ತಿದ್ದರು. ಸಂಜೆ ಐದರಿಂದ ಏಳು, ಅವಳ ವ್ಯಾಪಾರವೆಲ್ಲ ಅಷ್ಟೇ ಹೊತ್ತು. ಬೆಳಿಗ್ಗೆ ಯಾರು ಮಿರ್ಚಿ ತಿನ್ನುತ್ತಾರೆ? ಅವಳೂ ಹುದ್ದೆ ಸಿಗದ ಮನೆಯವಳೇ. ಆದರೆ ಆಗ ಪ್ರಯಾಣಿಕರು ನೂರಾರು ಜನ ಇದ್ದರು, ಅವಳು ಪ್ಲಾಟ್‌ಫಾರಂ ಅಂಚಿನಲ್ಲೇ ಒಲೆ ಹೂಡಿ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಆರು ವರ್ಷದ ಹಿಂದೆ ಗೌಡರು ನನ್ನನ್ನು ಕರೆಸಿದರು. ಹೋಳಿಗೆ, ಕಟ್ಟಿನ ಸಾರು, ಮೇಲೆ ಎರಡು ಸಲ ತುಪ್ಪ. ಊಟವನ್ನು ಕೆಲಸಕ್ಕೆ ಮೊದಲೇ ಹಾಕಿದರು. ಆಮೇಲೆ ಅಷ್ಟು ದೊಡ್ಡ ಹಿತ್ತಲನ್ನು ಮೂರು ಸಲ ಸುತ್ತಿದೆ. ಕೋಲು ತುಟಿ ಬಿಚ್ಚಲಿಲ್ಲ. ಗೌಡರ ಮುಖ ಕಪ್ಪಾಗುತ್ತ ಬಂತು, ನನ್ನ ಹೊಟ್ಟೆಯಲ್ಲಿ ಹೋಳಿಗೆ ಭಾರವಾಗುತ್ತ ಬಂತು. ಕೊನೆಗೆ ಗೋಡೆಯ ಬುಡಕ್ಕೆ ಒತ್ತಿ ಹಿಡಿದಾಗ ಸಣ್ಣಗೆ ಕೂಗಿತು. ಅಗೆದೆ. ಮೊಳ ಅಗೆದರೂ ಏನಿಲ್ಲ. ಹಳೇ ಕಲ್ಲುಗೋಡೆ, ಅಡಿಪಾಯವೆಂಬುದು ಹೆಸರಿಗಷ್ಟೇ. ಅದರ ಕೆಳಗೆ ಮಣ್ಣು ಸಡಿಲವಿತ್ತು, ಕೈ ತೂರಿಸಿದೆ. ಮೊಣಕೈ ಹೋಯಿತು, ತೋಳು ಹೋಯಿತು, ಕೆನ್ನೆ ಗೋಡೆಗೆ ಒತ್ತಿತು, ಆಗ ಬೆರಳಿಗೆ ತಣ್ಣಗಿನದೊಂದು ತಗುಲಿತು. ಎಳೆದು ತೆಗೆದರೆ ತೋಳಿಗೆ ಕಟ್ಟಿಕೊಳ್ಳುವ ಹಿತ್ತಾಳೆ ಬಿಲ್ಲೆ, ಪಟ್ಟಿ ಸಮೇತ, ರೈಲಿನಲ್ಲಿ ತಿಂಡಿ ಮಾರುವವರದು. ಗೋಡೆಯ ದಪ್ಪ ಒಂದು ಮೊಳ. ನನ್ನ ತೋಳು ಹೋದದ್ದು ಎರಡು ಮೊಳಕ್ಕೆ ಹತ್ತಿರ. ಬಿಲ್ಲೆ ಯಾರ ಹಿತ್ತಲಿನದೆಂದು ನನಗೆ ಗೊತ್ತಿತ್ತು. ಪಕ್ಕದಲ್ಲೇ ನಿಂತು ಎಲ್ಲ ನೋಡಿದ ಗೌಡರಿಗೂ ಗೊತ್ತಿತ್ತು. ಅವರು ಒಂದು ಸಲ ದೊಡ್ಡದಾಗಿ ತೇಗಿ, ಒಳಗೆ ಹೋಗಿ ಇನ್ನೆರಡು ಹೋಳಿಗೆ ಕಟ್ಟಿಸಿ ಕಳಿಸಿದರು. ನಾನೂ ತೆಗೆದುಕೊಂಡು ಬಂದೆ, ಇಂದ್ರವ್ವ ತಿಂದು ಹೊಗಳಿದಳು.

ಬಿಲ್ಲೆ ಬಂದ ಮೇಲೆ ಐದರಿಂದ ಏಳರವರೆಗೆ ಊರಲ್ಲಿ ತಿಂಡಿ ಮಾರುವ ಹಕ್ಕು ಗೌಡರದಾಯಿತು. ಅವರೇನು ಬಾಣಲೆಯ ಮುಂದೆ ಕೂತರೇ? ಆಳಿನಿಂದ ವಡೆ ಮಾಡಿಸಿದರು. ಆ ವಡೆಯನ್ನು ಕಾಗೆಗೆ ಎಸೆದರೆ ಕಾಗೆಗೆ ಪೆಟ್ಟಾಗುತ್ತಿತ್ತು. ಕಾಶವ್ವ ಒಲೆ ಆರಿಸಿ, ಗಂಟು ಕಟ್ಟಿಕೊಂಡು, ಎಲ್ಲರ ಹಾಗೆ ಪ್ಲಾಟ್‌ಫಾರಮ್ಮಿನಲ್ಲಿ ಕೈ ಕಟ್ಟಿ ಕೂರುವಂತಾಯಿತು. ಹೊಟ್ಟೆಪಾಡಿಗೆ ಬೆಳಿಗ್ಗೆ ಮನೆಮನೆಗೆ ಹೋಗಿ ರೊಟ್ಟಿ ಬಡಿದಳು. ಅದರ ಮೇಲೆ ಆ ವಡೆಯನ್ನೂ ಕೊಂಡು ತಿನ್ನಬೇಕು, ಪ್ರಯಾಣಿಕರು ತಿನ್ನದಿದ್ದರೆ ಗೌಡರ ಹುದ್ದೆಗೆ ಅವಮಾನ. ಅವಳು ಮೊದಲ ದಿನ ಒಂದು ತುಂಡು ಬಾಯಿಗಿಟ್ಟು, ಅಗಿದು, ಹಿಟ್ಟು ನೆನೆದಿಲ್ಲ ಎಂದಷ್ಟೇ ಹೇಳಿದಳಂತೆ. ಉಳಿದವರು ಬೈದರು. ಅವಳು ಬಯ್ಯಲಿಲ್ಲ, ಕರಿಯುವ ಕೆಲಸ ಗೊತ್ತಿದ್ದವಳು ದೋಷ ಹೇಳಿದಳು ಅಷ್ಟೇ.

ಅವಳು ನನಗೆ ಆಗಾಗ ಹೇಳುತ್ತಿದ್ದಳು, ಪುರುಸೊತ್ತು ಆದಾಗ ನನ್ನ ಹಿತ್ತಲಲ್ಲೂ ಕೋಲು ಆಡಿಸಪ್ಪ ಎಂದು. ಸೆಲ್ಲು ಮುಗಿದಿದೆ ಎಂದೆ. ತಟ್ಟೆ ಸೀಳಿದೆ ಎಂದೆ. ಒಂದು ಸಲ ನನಗೇ ಕೈ ಉಳುಕಿದೆ ಎಂದು ವಾರವೆಲ್ಲ ಬಟ್ಟೆ ಕಟ್ಟಿಕೊಂಡು ಓಡಾಡಿದೆ. ಅತ್ತ ಬೇರೆಯವರ ಹಿತ್ತಲಲ್ಲಿ ಅಗೆಯುತ್ತಲೇ ಇದ್ದೆ, ಹುದ್ದೆ ಹೆಚ್ಚುತ್ತಲೇ ಹೋದವು, ಪ್ರಯಾಣಿಕರು ಕರಗುತ್ತಲೇ ಬಂದರು. ಹೋದ ವರ್ಷ ಹಾರ್ಮೋನಿಯಂ ಮಾಸ್ತರನ ಗುಂಡಿ ಸಿಕ್ಕಿದ ದಿನ ಎಣಿಸಿ ನೋಡಿದರೆ ಊರಲ್ಲಿ ಉಳಿದ ಪ್ರಯಾಣಿಕಳು ಕಾಶವ್ವ ಒಬ್ಬಳೇ.

ಇನ್ನೂರ ಹನ್ನೊಂದು ಹುದ್ದೆಗೆ ಒಬ್ಬಳು ಪ್ರಯಾಣಿಕಳು. ಅವಳ ಫಜೀತಿ ಕೇಳಬೇಡಿ. ಐದಕ್ಕೆ ಅವಳು ಬಯಲಿಗೆ ಕಾಲಿಟ್ಟಳೆಂದರೆ ಹದಿನಾಲ್ಕು ಜನ ಸಾಲಾಗಿ ಟಿಕೆಟ್ ಕೇಳುತ್ತಿದ್ದರು. ಒಬ್ಬ ತೂತು ಮಾಡಿದ ಟಿಕೆಟಿಗೆ ಇನ್ನೊಬ್ಬ ತೂತು ಮಾಡಿ ಕೊನೆಗೆ ಟಿಕೆಟೇ ಉಳಿಯುತ್ತಿರಲಿಲ್ಲ, ಟಿಕೆಟ್ ಇಲ್ಲವೆಂದು ದಂಡ ಹಾಕುತ್ತಿದ್ದರು. ಹಮಾಲರ ಬಿಲ್ಲೆಯ ಹತ್ತೊಂಬತ್ತು ಮನೆಯವರು ಅವಳ ಒಂದು ಗಂಟನ್ನು ಎಳೆದಾಡಿ ಹರಿದರು. ಹೆಡ್ಮಾಸ್ತರರು ಚೊಂಬು ಹಿಡಿದು, ಹೋಗುವುದಿದ್ದರೆ ಸಂಕೋಚ ಬೇಡ ಎಂದು ಗಳಿಗೆಗೊಮ್ಮೆ ವಿಚಾರಿಸುತ್ತಿದ್ದರು. ನಾನೂ ಆ ಹೊತ್ತಿಗೆ ಇಂದ್ರವ್ವನಿಂದ ಇಸಿದುಕೊಂಡ ಗಾರ್ಡಿನ ಸೀಟಿ ಊದುತ್ತ ಅವಳ ಎದುರಿಗೇ ಹಾದುಹೋಗುತ್ತಿದ್ದೆ, ಮುಖ ಬೇರೆ ಕಡೆ ತಿರುಗಿಸಿಕೊಂಡು. ಅವಳಿಗೆ ಜ್ವರ ಬಂದ ದಿನ ಮಂಚ ಸಮೇತ ಹೊತ್ತು ತಂದು ಕೂರಿಸಿದರು. ಇನ್ನು ಮೇಲೆ ಅವಳ ಹಿತ್ತಲಲ್ಲಿ ಯಾರೂ ಕೋಲು ಆಡಿಸಕೂಡದೆಂದು ವಿಠೋಬಣ್ಣ ಡಂಗುರ ಹೊಡೆಸಿದ. ಅವಳಿಗೂ ಒಂದು ಹುದ್ದೆ ಸಿಕ್ಕಿಬಿಟ್ಟರೆ ಎಲ್ಲರ ಹುದ್ದೆಯೂ ಮಣ್ಣುಪಾಲಾಗುತ್ತದಲ್ಲ!

ಡಂಗುರದ ಮರುದಿನ ಬೆಳಿಗ್ಗೆಯೇ ಕಾಶವ್ವ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಕುಕ್ಕರ್ ಇತ್ತು, ರಿಪೇರಿಗೆ ಎಂದು ತಿಳಿದೆ. ಅವಳು ಅದನ್ನು ಕೆಳಗಿಟ್ಟು, ಇವತ್ತು ನೀನು ಕೋಲು ಹಿಡಿದುಕೊಂಡು ಬರದಿದ್ದರೆ ನಾನು ಇಲ್ಲಿಂದ ಏಳುವುದಿಲ್ಲ ಎಂದು ಅಂಗಡಿಯ ಹೊಸ್ತಿಲ ಮೇಲೆ ಕೂತಳು. ಗಿರಾಕಿಗಳು ಅವಳನ್ನು ದಾಟಿ ಬರಲಾರದೆ ಬೀದಿಯಲ್ಲೇ ನಿಂತರು. ಮಧ್ಯಾಹ್ನ ಊರು ಉಂಡು ಮಲಗಿದ ಹೊತ್ತಿಗೆ ಕೋಲನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಅವಳ ಮನೆಗೆ ಹೋದೆ. ಏನೂ ಇಲ್ಲವೆಂದು ಗೊತ್ತಿದ್ದೂ ಮೂಲೆ ಮೂಲೆಗೆ ಆಡಿಸಿದೆ. ತುಳಸಿಕಟ್ಟೆಯ ಸುತ್ತ, ಬಟ್ಟೆ ಒಗೆಯುವ ಕಲ್ಲಿನ ಸುತ್ತ. ಕೋಲು ಸುಮ್ಮನಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಹಿಂದೆ ಹಿಂದೆಯೇ ಬರುತ್ತಿದ್ದಳು. ಕೊನೆಗೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು.

"ಮಣ್ಣಿಗೂ ಬ್ಯಾಡಾದ್ನಿ ನೋಡೋ ಫಕೀರಾ," ಎಂದಳು. "ಒಂದ ಗುಂಡಿ ಸೈತ ಇಡಲಿಲ್ಲಲ್ಲ ನನ್ನ ಸಲುವಾಗಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಊರಿನ ಮೇಲೆ, ಗೌಡರ ಮೇಲೆ ಹರಿಹಾಯ್ದಿದ್ದರೂ ನಾಲ್ಕು ಸಮಾಧಾನ ಹೇಳಿ ಕೋಲು ಸುತ್ತಿಕೊಂಡು ಹೊರಡುತ್ತಿದ್ದೆ. ಅವಳು ತನ್ನಲ್ಲೇ ಏನೋ ಕೊರತೆಯಿದೆ ಎಂದು ನಂಬಿಬಿಟ್ಟಳು. ಗೋಡೆಯ ಬುಡ ತೋರಿಸಿ, ಹೋಳಿಗೆಯಿಂದ ಹಿಡಿದು ತೋಳಿನವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೇಳುವಾಗ ಅಳು ಬಂತು, ಅದನ್ನೂ ಮುಚ್ಚಿಡಲಿಲ್ಲ.

ಕಾಶವ್ವ ಎದ್ದು ನನ್ನ ಬಲಗೈ ಎಳೆದು, ಬೆರಳ ತುದಿಯಿಂದ ಭುಜದವರೆಗೆ ತನ್ನ ಗೇಣಿನಿಂದ ಅಳೆದಳು. ಗೋಡೆಯ ದಪ್ಪವನ್ನೂ ಅಳೆದಳು. ಚಹಾ ಕುಡಿದು ಹೋಗು ಎಂದು ಮಾತ್ರ ಅನ್ನಲಿಲ್ಲ, ಅದು ನಮ್ಮೂರಲ್ಲಿ ಉಗುಳಿದ್ದಕ್ಕೆ ಸಮ.

ಅಂದು ಸಂಜೆ ಐದಾಯಿತು, ಅವಳು ಬರಲಿಲ್ಲ. ಐದೂಕಾಲಿಗೆ ಹಮಾಲರು ಅವಳ ಮನೆಗೆ ಓಡಿದರು. ಬಾಗಿಲು ಒಳಗಿನಿಂದ ಹಾಕಿತ್ತು, ಒಳಗಿನಿಂದ ಚೊಂಯ್ ಎಂಬ ಸದ್ದು, ಮಿರ್ಚಿಯ ವಾಸನೆ. ಆರು ವರ್ಷದ ಮೇಲೆ ಆ ವಾಸನೆ ಓಣಿಗೆ ಬಂದಿತ್ತು. ಬಾಗಿಲು ಒಡೆಯಲು ಹೋದವರು ಹೊಸ್ತಿಲಲ್ಲೇ ನಿಂತು ಮೂಗು ಎಳೆದುಕೊಳ್ಳತೊಡಗಿದರು. ವಿಠೋಬಣ್ಣ ಟೊಪ್ಪಿಗೆ ಕೈಯಲ್ಲಿ ಹಿಡಿದು, ತಾಯೀ, ಎರಡು ನಿಮಿಷ ಬಂದು ಕೂತು ಹೋಗು ಎಂದು ಕಿಟಕಿಯಲ್ಲಿ ಗೋಗರೆದ. ಗೌಡರು ಗದರಿಸಿ ನೋಡಿದರು. ಇನ್ಸ್‌ಪೆಕ್ಟರ್ ಹಾರ್ಮೋನಿಯಂ ಮಾಸ್ತರ, ಇದು ತನ್ನ ಕೆಲಸವಿರಬಹುದೇ ಎಂದು ಪಕ್ಕದವರನ್ನು ಕೇಳುತ್ತಿದ್ದ. ಬೇರೆ ಯಾರಾದರೂ ಪ್ರಯಾಣಿಕರಾಗಿ ಕೂರಲಿ ಎಂದರೆ, ಹುದ್ದೆಯವರು ಕೂತರೆ ಲೆಕ್ಕಕ್ಕಿಲ್ಲ. ಏಳು ಹೊಡೆಯಿತು. ಅವಳು ಬಾಗಿಲು ತೆಗೆಯಲೇ ಇಲ್ಲ. ಕರಿದದ್ದನ್ನೆಲ್ಲ ಒಬ್ಬಳೇ ಕೂತು ತಿಂದಳಂತೆ.

ಬೆಳಿಗ್ಗೆ ಊರಿಗೆ ಊರೇ ಬೋಳಾಗಿತ್ತು. ಇಂದ್ರವ್ವ ಕೊರಳು ತಡವಿಕೊಂಡು ಒಂದು ಕೂಗು ಹಾಕಿದಳು. ಸೀಟಿಯಿಲ್ಲದೆ ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಅಂದೇ ಗೊತ್ತಾದದ್ದು. ವಿಠೋಬಣ್ಣನ ಟೊಪ್ಪಿಗೆಯ ಮುಂದೆ ಎರಡು ತೂತು ಉಳಿದಿದ್ದವು. ಹೆಡ್ಮಾಸ್ತರರು ಖಾಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ತಿರುಗುತ್ತಿದ್ದರು. ಎಲ್ಲರೂ ನನ್ನ ಅಂಗಡಿ ಮುಂದೆ ಸೇರಿದರು. ಮೊದಲು ಗೌಡರ ಮನೆಯಿಂದ ಶುರುವಾಗಬೇಕೆಂದು ಗೌಡರೇ ಹೇಳಿದರು. ಅವರಿಗೆ ಆರು ವರ್ಷದಲ್ಲಿ ಬಿಲ್ಲೆ ತಮ್ಮದೇ ಎಂದು ಅಭ್ಯಾಸವಾಗಿ ಹೋಗಿತ್ತು, ತೇಗಿದ್ದು ಮರೆತಿತ್ತು.

ಊರೆಲ್ಲ ನೋಡುತ್ತಿದ್ದಂತೆ ಗೌಡರ ಹಿತ್ತಲಲ್ಲಿ ಕೋಲು ಆಡಿಸಿದೆ. ಸದ್ದಿಲ್ಲ. ಗೋಡೆಯ ಬುಡಕ್ಕೆ ಹೋಗು ಎಂದರು ಗೌಡರು, ಜಾಗ ಚೆನ್ನಾಗಿ ನೆನಪಿದ್ದವರ ಹಾಗೆ. ಅಲ್ಲಿ ಸಣ್ಣಗೆ ಕೂಗಿತು. ಅಗೆಯಲು ಬಗ್ಗಿದಾಗ ಗೋಡೆಯ ಆ ಕಡೆಯಿಂದ ಕಾಶವ್ವ, ಕೋಲು ಈ ಕಡೆಗೂ ತರಬೇಕು ಎಂದು ಕರೆದಳು. ಜನ ನನ್ನ ಮುಖ ನೋಡಿತು. ಗುದ್ದಲಿ ಅಲ್ಲೇ ಬಿಟ್ಟು, ಸುತ್ತು ಹಾಕಿಕೊಂಡು ಅವಳ ಹಿತ್ತಲಿಗೆ ಹೋದೆ. ಇನ್ನೂ ಕೋಲು ನೆಲಕ್ಕೆ ಮುಟ್ಟಿಸಿರಲಿಲ್ಲ, ಮಸೀದಿಯವರೆಗೆ ಕೇಳುವ ಹಾಗೆ ಕೂಗಿತು. ಗೋಡೆಯಿಂದ ಒಂದು ಗೇಣು ಈಚೆ, ಒಂದು ಮೊಳ ಕೆಳಗೆ, ಬಿಲ್ಲೆ ಮಲಗಿತ್ತು. ಕಾಶವ್ವ ಯಾರಿಗೂ ಮುಟ್ಟಗೊಡದೆ ತಾನೇ ಮಣ್ಣಿಗೆ ಕೈ ಹಾಕಿ ತೆಗೆದಳು. ಸೆರಗಿನಿಂದ ಒರೆಸಿದಳು, ತೋಳಿಗೆ ಕಟ್ಟಿಕೊಂಡಳು. ಆರು ವರ್ಷ ಗೌಡರ ದಪ್ಪ ತೋಳಿಗಿದ್ದ ಪಟ್ಟಿ ಅವಳಿಗೆ ಎರಡು ಸುತ್ತು ಬಂತು.

ಗೌಡರು, ನನಗೇನು ಗೊತ್ತು, ಅಗೆದವನು ಅವನು ಎಂದು ನನ್ನ ಕಡೆ ಕೈ ತೋರಿಸಿದರು. ನಿಜವೇ, ಅಗೆದವನು ನಾನೇ. ಅಲ್ಲೇ ಒಪ್ಪಿಕೊಂಡೆ. ಹೊಡೆಯಲು ಬಂದವರೂ ಇದ್ದರು, ಆದರೆ ಇನ್ನೂ ಇನ್ನೂರ ಹತ್ತು ಹಿತ್ತಲು ಬಾಕಿಯಿದ್ದದ್ದರಿಂದ ನನ್ನ ಕೈಕಾಲು ಉಳಿದವು. ಅಂದಿನಿಂದ ಹತ್ತೊಂಬತ್ತು ದಿನ ನಾನು ಅಗೆದೆ, ಪ್ರತಿ ಮನೆಯವರೂ ಪಕ್ಕದ ಮನೆಯವರೂ ಟೇಪು ಹಿಡಿದು ಕಾವಲು ನಿಂತರು. ಊಟ ಯಾರೂ ಹಾಕಲಿಲ್ಲ. ಉಳಿದ ಎಲ್ಲವೂ ಅವರವರ ಜಾಗದಲ್ಲೇ ಸಿಕ್ಕವು. ನಾನು ಕದ್ದದ್ದು ಒಂದೇ ಒಂದು ಎಂಬುದು ಸಾಬೀತಾಯಿತು, ಅದರಿಂದ ನನ್ನ ಮಾನವೇನೂ ವಾಪಸು ಬರಲಿಲ್ಲ.

ಈ ಹತ್ತೊಂಬತ್ತು ದಿನವೂ ಅಗೆಯದೆ ಉಳಿದ ಮನೆಯವರು ಪ್ರಯಾಣಿಕರಾಗಿ ಕೂರುತ್ತಿದ್ದರು. ಗೌಡರೂ ಒಂದು ದಿನ ಮನೆಯಿಂದ ಕುರ್ಚಿ ತರಿಸಿ ಕೂತರು. ಅವರನ್ನು ಟಿಕೆಟ್ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮರುದಿನದಿಂದ ಅವರಿಗೆ ಮಂಡಿನೋವು. ಕೊನೆಯ ದಿನ ಎರಡೇ ಮನೆ ಉಳಿದವು, ಏನೂ ಇಲ್ಲದ ಗೌಡರದು, ಕರಿಬೇವಿನ ಬುಡದಲ್ಲಿ ಸೀಟಿಯಿದ್ದ ನನ್ನದು. ಹುಡುಕುವವನ ಹಿತ್ತಲು ಎಲ್ಲರಿಗಿಂತ ಕೊನೆಗೆಂದು ಊರು ಈ ಸಲ ಮೊದಲೇ ತೀರ್ಮಾನಿಸಿತ್ತು. ನನ್ನ ಸೀಟಿ ಹೊರಗೆ ಬಂದರೆ ಊರಿಗೆ ಗೌಡರೊಬ್ಬರೇ ಪ್ರಯಾಣಿಕರು. ವಿಠೋಬಣ್ಣ ಬೆವರು ಒರೆಸಿಕೊಂಡು ಸಭೆ ಕರೆದ. ಬಹಳ ಯೋಚಿಸಿ, ರೈಲ್ವೆಗೆ ಒಬ್ಬ ಮುಖ್ಯ ಅತಿಥಿ ಬೇಕೇ ಬೇಕೆಂದೂ, ಆ ಹುದ್ದೆಗೆ ಸಾಮಾನು ಸಿಗಬೇಕಿಲ್ಲವೆಂದೂ, ಅದಕ್ಕೆ ಗೌಡರಿಗಿಂತ ಯೋಗ್ಯರಿಲ್ಲವೆಂದೂ ಸಾರಿದ. ಗೌಡರಿಗೆ ಅಲ್ಲೇ ಒಂದು ಮಾಲೆ ಬಿತ್ತು. ನಮ್ಮ ಗೌಡರು ಎಲ್ಲಿ ಬಿದ್ದರೂ ಅಲ್ಲೊಂದು ಹಾಸಿಗೆ ಇರುತ್ತದೆ. ಆಮೇಲೆ ಇನ್ನೂರ ಹತ್ತು ಮನೆಯವರೂ ನನ್ನ ಕಡೆ ತಿರುಗಿದರು.

ಸೀಟಿ ಅಗೆಯದೆ ನೀನೇ ಪ್ರಯಾಣಿಕನಾಗಿ ಕೂರು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇಂದ್ರವ್ವ ಮಾತ್ರ ನನ್ನ ಅಂಗಿ ಜಗ್ಗಿ, "ಸುಮ್ನ ಮನಿಗೆ ನಡೀರಿ, ಸೀಟಿ ಅಗೀರಿ. ಪ್ಯಾಸೆಂಜರನ ಹೆಂಡತಿ ಅನಿಸ್ಕೊಂಡು ನಾ ನೀರಿಗೆ ಹೋಗಂಗಿಲ್ಲ," ಎಂದಳು. ಕಾಶವ್ವ ದೂರದಲ್ಲಿ ಬುಟ್ಟಿಯ ಮೇಲೆ ಬಟ್ಟೆ ಮುಚ್ಚುತ್ತಿದ್ದಳು, ಈ ಕಡೆ ನೋಡಲೂ ಇಲ್ಲ. ಅವಳು ನೋಡಿದ್ದರೆ ಏನಾದರೂ ನೆಪ ಹೇಳುತ್ತಿದ್ದೆನೇನೋ. ನಾನು ಕೋಲನ್ನು ವಿಠೋಬಣ್ಣನ ಕೈಗೆ ಕೊಟ್ಟು, ಸೀಟಿ ಅಲ್ಲೇ ಇರಲಿ ಎಂದೆ. ಇಂದ್ರವ್ವ ಎರಡು ತಿಂಗಳು ನನ್ನ ಜತೆ ಮಾತಾಡಲಿಲ್ಲ, ಊಟಕ್ಕೆ ಕರೆಯಲು ಸೌಟಿನಿಂದ ತಟ್ಟೆ ಬಡಿದಳು. ಅದೇ ಹೆಚ್ಚು ಕಿವಿಗೆ ಹಿತವಾಗಿತ್ತೆಂದು ಅವಳಿಗೆ ಇನ್ನೂ ಹೇಳಿಲ್ಲ.

ಈಗ ದಿನಾ ಐದಕ್ಕೆ ಗಂಟು ಕಟ್ಟಿಕೊಂಡು ಹೋಗುತ್ತೇನೆ. ಹದಿನಾಲ್ಕು ಜನ ಟಿಕೆಟ್ ಕೇಳುತ್ತಾರೆ. ಹತ್ತೊಂಬತ್ತು ಜನ ಗಂಟು ಎಳೆಯುತ್ತಾರೆ. ಹೆಡ್ಮಾಸ್ತರರು ಚೊಂಬು ತೋರಿಸುತ್ತಾರೆ, ನಾನು ಒಂದೆರಡು ಸಲ ಅವರ ಸಂತೋಷಕ್ಕೆಂದು ಹೋಗಿಯೂ ಬಂದಿದ್ದೇನೆ. ಬಾಪುಗೌಡರು ಮಾಲೆ ಹಾಕಿಕೊಂಡು ಕುರ್ಚಿಯಲ್ಲಿ ತೂಕಡಿಸುತ್ತಾರೆ. ಕಾಶವ್ವ ಐದೂಕಾಲಿಗೆ ಒಲೆ ಹೂಡುತ್ತಾಳೆ. ಬೆಳಗಿನ ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಾಳೆ, ಮುಖದಲ್ಲಿ ಕಳೆ ಬಂದಿದೆ, ದನಿಯೂ ದೊಡ್ಡದಾಗಿದೆ. ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಯಲಿನ ಆ ತುದಿಯಿಂದ ಹೊರಟರೆ ಕೆಂಪು ದೀಪದವರು, ಹಸಿರು ದೀಪದವರು, ಟಿಕೆಟಿನವರು ಎಲ್ಲ ಹುದ್ದೆ ಮರೆತು ಮುಗಿಬೀಳುತ್ತಾರೆ. ನಾನು ಪ್ರಯಾಣಿಕ, ಕೂತಲ್ಲಿಂದ ಏಳುವಂತಿಲ್ಲ. ಅವಳು ನನ್ನ ಹತ್ತಿರ ಬರುವಷ್ಟರಲ್ಲಿ ಬುಟ್ಟಿ ಖಾಲಿ. ಮೊದಮೊದಲು ಕಾಕತಾಳೀಯ ಎಂದುಕೊಂಡೆ. ಒಂದು ವಾರವಾಯಿತು, ಒಂದು ತಿಂಗಳಾಯಿತು, ನನ್ನ ಪಕ್ಕ ನಿಂತ ಹಮಾಲನಿಗೆ ಕೊನೆಯದು, ನನಗೆ ಖಾಲಿ ಬುಟ್ಟಿಯ ವಾಸನೆ.

ನಿನ್ನೆ ಬುಟ್ಟಿಯಲ್ಲಿ ಒಂದು ಉಳಿದಿತ್ತು. ಅಂಗೈ ಚಾಚಿದೆ, ಬಾಯಲ್ಲಿ ನೀರು. ಕಾಶವ್ವ ನನ್ನ ಮುಂದೆ ನೆಟ್ಟಗೆ ನಿಂತು ಆ ಮಿರ್ಚಿಯನ್ನು ಎತ್ತಿ, ಎರಡು ಸಲ ಊದಿ, ತಾನೇ ಕಚ್ಚಿದಳು. ತೊಟ್ಟಿನವರೆಗೆ ನಿಧಾನವಾಗಿ ತಿಂದಳು. ಕಣ್ಣು ತೆಗೆಯದೆ ನನ್ನನ್ನೇ ನೋಡುತ್ತಿದ್ದಳು. ಇನ್ನು ತಡೆಯಲಾರದೆ ಕೇಳಿಬಿಟ್ಟೆ.

"ಅಕ್ಕಾ, ಎಷ್ಟ ದಿನಾ ಹಿಂಗ?"

"ಆರ ವರ್ಷ," ಎಂದಳು ಕಾಶವ್ವ, ಸೆರಗಿಗೆ ಬೆರಳು ಒರೆಸಿಕೊಳ್ಳುತ್ತ. "ಅದರಾಗ ನಾಕ ತಿಂಗಳಾ ಹತ್ತ ದಿನಾ ಆಗೇತಿ. ನಾ ನಿನಗ ಒಂದ ದಿನಾನೂ ಹೆಚ್ಚ ಹಿಡಿಯಂಗಿಲ್ಲ, ಕಡಿಮಿನೂ ಹಿಡಿಯಂಗಿಲ್ಲ. ಆಮ್ಯಾಲ ಬಾ, ಬಾಣಲಿಯಿಂದ ತಗದದ್ದು ಮದಲನೇದ್ದು ನಿಂದ."

ಬುಟ್ಟಿ ಕೊಡವಿಕೊಂಡು ಹೋದಳು. ನಾನು ಗಂಟಿನ ಮೇಲೆ ಕೈಯಿಟ್ಟು ಕೂತೆ. ಅವಳ ಲೆಕ್ಕ ಸರಿಯಿದೆ. ಹೊಟ್ಟೆ ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ.